ಹಳೆಯ ಎಂಜಿನಿಗೆ ಹೊಸ ಉಸಿರು: ಗತಿಚಕ್ರ ಮತ್ತು ಕ್ಲಚ್ಚಿನ ಆಯ್ಕೆ

ಹಾವೇರಿ ಜಿಲ್ಲೆಯ ಯಾವ ಊರಿಗೆ ಹೋದರೂ ಹಿಟ್ಟಿನ ಗಿರಣಿಯ ಹಳೆಯ ಎಣ್ಣೆ ಎಂಜಿನನ್ನು ಕಂಡವರು ಸಿಗುತ್ತಾರೆ. ಒಂದೇ ಸಿಲಿಂಡರು, ಅದರ ಎರಡೂ ಮಗ್ಗುಲಿಗೆ ಆಳೆದೆಯೆತ್ತರದ ಎರಡು ಕಬ್ಬಿಣದ ಚಕ್ರಗಳು. ಈ ಚಕ್ರಗಳು ಯಾವುದಕ್ಕೆಂದು ಗಿರಣಿಯವನನ್ನು ಕೇಳಿದರೆ, "ಅವಿಲ್ಲದಿದ್ದರೆ ಎಂಜಿನು ಒಂದು ಗುದ್ದು ಗುದ್ದಿ ನಿಂತುಬಿಡುತ್ತದೆ" ಎನ್ನುತ್ತಾನೆ. ಭೌತಶಾಸ್ತ್ರದ ಅರ್ಧ ಪಾಠ ಈ ಒಂದು ಮಾತಿನಲ್ಲಿ ಅಡಗಿದೆ. ಉಳಿದರ್ಧವನ್ನು ನಾವು ಒಂದು ತಪ್ಪು ಮಾಡಿ ಕಲಿಯಬೇಕಾಯಿತು. ಆ ತಪ್ಪಿನ ಕಥೆಯನ್ನೂ ಅದರ ಹಿಂದಿನ ಲೆಕ್ಕವನ್ನೂ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮಗೆ ಪರಿಚಿತನಾದ ಒಬ್ಬ ಚಾಲಕನು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನಡುವೆ ಬಾಡಿಗೆಯ ವಾಹನ ನಡೆಸಿ ಜೀವನ ಸಾಗಿಸುತ್ತಾನೆ. ಹಾನಗಲ್ಲಿನ ಬತ್ತ, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಮೆಕ್ಕೆಜೋಳ, ಇವುಗಳೊಡನೆ ಸಂತೆಗೆ ಹೋಗುವ ಜನ: ಇದು ಅವನ ವಾಹನದ ಹೊರೆ. ಗಾಡಿ ಹಳೆಯದು. ಅದರ ಡೀಸೆಲ್ ಎಂಜಿನು ಮೂಲತಃ ಜರ್ಮನಿಯ ಮರ್ಸಿಡಿಸ್-ಬೆಂಝ್ ಸಂಸ್ಥೆಯ ಒಎಂ ೬೧೬ ಎಂಬ ಮಾದರಿಯದು. ೧೯೭೩ರಲ್ಲಿ ಆ ಸಂಸ್ಥೆಯ ೨೪೦ ಡಿ ಕಾರಿನಲ್ಲಿ ಬಂದ ಈ ಎಂಜಿನನ್ನು ಮುಂದೆ ಭಾರತದಲ್ಲಿ ಬಜಾಜ್ ಟೆಂಪೊ ಸಂಸ್ಥೆಯು ಪರವಾನಗಿ ಪಡೆದು ತಯಾರಿಸಿತು; ನಮ್ಮ ಹಳ್ಳಿಗಳ ದಾರಿಗಳಲ್ಲಿ ಓಡಿದ ಅನೇಕ ಟ್ರ್ಯಾಕ್ಸ್ ಗಾಡಿಗಳ ಹೃದಯ ಇದೇ. ನಾಲ್ಕು ಸಿಲಿಂಡರು, ಸುಮಾರು ೨.೪ ಲೀಟರು ಗಾತ್ರ, ಮಿನಿಟಿಗೆ ೨,೪೦೦ ಸುತ್ತುಗಳಲ್ಲಿ ಸುಮಾರು ೧೩೭ ನ್ಯೂಟನ್-ಮೀಟರು ತಿರುಗುಬಲ. ಈ ಎಂಜಿನಿಗೆ ಆ ಚಾಲಕನು ಟರ್ಬೊ ಹಾಕಿಸಿದನು.

ಟರ್ಬೊ ಮಾಡುವುದೇನು?

ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೊವಿನ ಕೆಲಸ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿಯು ೧೯೦೫ರಲ್ಲಿಯೇ ಈ ವಿಚಾರಕ್ಕೆ ಹಕ್ಕುಪತ್ರ ಪಡೆದನು. ಗಾಳಿ ಹೆಚ್ಚಾದರೆ ಹೆಚ್ಚು ಇಂಧನವನ್ನು ಸುಡಬಹುದು; ಹೆಚ್ಚು ಸುಟ್ಟರೆ ಪಿಸ್ಟನ್ನಿನ ಮೇಲೆ ಹೆಚ್ಚು ಒತ್ತಡ; ಆದುದರಿಂದ ಹೆಚ್ಚು ತಿರುಗುಬಲ.

ಎಷ್ಟು ಹೆಚ್ಚು? ಒಎಂ ೬೧೬ರ ಐದು ಸಿಲಿಂಡರಿನ ಸೋದರನಾದ ಒಎಂ ೬೧೭ ಎಂಜಿನು ಟರ್ಬೊ ಇಲ್ಲದೆ ಸುಮಾರು ೧೭೨ ನ್ಯೂಟನ್-ಮೀಟರು ಕೊಡುತ್ತಿತ್ತು. ೧೯೮೦ರ ಹೊತ್ತಿಗೆ ಟರ್ಬೊ ಸಹಿತವಾಗಿ ಸುಮಾರು ೨೫೦ ಕೊಟ್ಟಿತು. ಎಂದರೆ ೧.೪೫ ಪಟ್ಟು. ಅದನ್ನು ತಯಾರಿಸಿದವರು ಪಿಸ್ಟನ್ನುಗಳನ್ನು ತಂಪಾಗಿಸಲು ಎಣ್ಣೆಯ ಚಿಲುಮೆಗಳನ್ನೂ ಸೇರಿಸಿ ಎಂಜಿನಿನ ಒಳಗನ್ನು ಬಲಪಡಿಸಿದ್ದರೆಂಬುದನ್ನು ಮರೆಯಬಾರದು. ಅದೇ ಅನುಪಾತವನ್ನು ನಮ್ಮ ಎಂಜಿನಿಗೆ ಹಚ್ಚಿದರೆ ೧೩೭ರ ಬದಲು ಸುಮಾರು ೨೦೦ ನ್ಯೂಟನ್-ಮೀಟರು ಬರುತ್ತದೆ. ಇದನ್ನೇ ನಮ್ಮ ಲೆಕ್ಕದ ಬುನಾದಿಯಾಗಿ ಇಟ್ಟುಕೊಳ್ಳೋಣ.

ಟರ್ಬೊ ಹಾಕಿಸಿದ ಮೊದಲ ವಾರ ಚಾಲಕನಿಗೆ ಹಿಗ್ಗೋ ಹಿಗ್ಗು. ಎರಡನೆಯ ವಾರ ಹೊಸದೊಂದು ಪೀಡೆ ಕಾಣಿಸಿತು. ಏರಿನಲ್ಲಿ ವೇಗವರ್ಧಕವನ್ನು ಒತ್ತಿದರೆ ಎಂಜಿನು ಆರ್ಭಟಿಸುತ್ತದೆ, ಗಾಡಿ ಮಾತ್ರ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಭೌತಶಾಸ್ತ್ರ ಕಲಿಸುವವರೆಂಬ ನಂಬಿಕೆಯಿಂದ ಅವನು ನಮ್ಮಲ್ಲಿಗೆ ಬಂದನು.

ಕ್ಲಚ್ಚಿನ ಲೆಕ್ಕ

ಎಂಜಿನಿನ ಅಚ್ಚಿನ ತುದಿಗೆ ಗತಿಪಾಲಕ ಚಕ್ರ, ಅಂದರೆ ಫ್ಲೈವೀಲ್, ಬಿಗಿದಿರುತ್ತದೆ. ಇದನ್ನು ಮುಂದೆ ಗತಿಚಕ್ರವೆಂದೇ ಕರೆಯೋಣ. ಇದರ ನುಣುಪಾದ ಮುಖಕ್ಕೂ ಒತ್ತುತಟ್ಟೆಗೂ ನಡುವೆ ಕ್ಲಚ್ ತಟ್ಟೆ ಇರುತ್ತದೆ. ಸ್ಪ್ರಿಂಗು ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ. ಎಂಜಿನಿನ ಬಲವೆಲ್ಲ ಗೇರುಪೆಟ್ಟಿಗೆಗೆ ದಾಟುವುದು ಈ ಅದುಮಿನ ಘರ್ಷಣೆಯಿಂದ ಮಾತ್ರ. ಅಲ್ಲಿ ಹಲ್ಲೂ ಇಲ್ಲ, ಮೊಳೆಯೂ ಇಲ್ಲ. ಅದು ಜಾರದೆ ದಾಟಿಸಬಲ್ಲ ಗರಿಷ್ಠ ತಿರುಗುಬಲದ ಸೂತ್ರ ಸರಳವಾದುದು:

ತಿರುಗುಬಲ = ಘರ್ಷಣೆಯ ಮುಖಗಳ ಸಂಖ್ಯೆ × ಘರ್ಷಣಾಂಕ × ಒತ್ತುವ ಬಲ × ಸರಾಸರಿ ತ್ರಿಜ್ಯ

ಬಿಚ್ಚಿ ಅಳೆದಾಗ ಆ ಗಾಡಿಯ ತಟ್ಟೆಯ ಹೊರವ್ಯಾಸ ೨೨೫, ಒಳವ್ಯಾಸ ೧೫೦ ಮಿಲಿಮೀಟರು ಇದ್ದಿತು. ಸರಾಸರಿ ತ್ರಿಜ್ಯ ಸುಮಾರು ೦.೦೯೪ ಮೀಟರು. ಮುಖಗಳು ಎರಡು. ಘರ್ಷಣಾಂಕ ೦.೩, ಒತ್ತುವ ಬಲ ೪,೦೦೦ ನ್ಯೂಟನ್ ಎಂದಿಟ್ಟುಕೊಂಡರೆ,

೨ × ೦.೩ × ೪,೦೦೦ × ೦.೦೯೪ = ಸುಮಾರು ೨೨೫ ನ್ಯೂಟನ್-ಮೀಟರು.

ಎಂಜಿನು ೧೩೭ ಕೊಡುತ್ತಿದ್ದಾಗ ಕ್ಲಚ್ಚಿನ ಶಕ್ತಿ ಅದಕ್ಕಿಂತ ೧.೬೫ ಪಟ್ಟು ಇದ್ದಿತು. ಇದನ್ನು ಮೀಸಲು ಎನ್ನಬಹುದು. ಟರ್ಬೊ ಬಂದ ಮೇಲೆ ಎಂಜಿನು ೨೦೦ ಕೊಡತೊಡಗಿತು, ಮೀಸಲು ೧.೧೩ಕ್ಕೆ ಇಳಿಯಿತು. ೨೨೫ ಎಂಬುದು ೨೦೦ಕ್ಕಿಂತ ಹೆಚ್ಚೇ ಅಲ್ಲವೆ, ಜಾರುವುದೇಕೆ ಎಂದು ಓದುಗರು ಕೇಳಬಹುದು. ತಟ್ಟೆ ಕಾದಾಗ ಘರ್ಷಣಾಂಕ ಕುಗ್ಗುತ್ತದೆ. ೦.೩ ಇದ್ದದ್ದು ೦.೨ಕ್ಕೆ ಇಳಿದರೆ ಕ್ಲಚ್ಚಿನ ಶಕ್ತಿ ೧೫೦ಕ್ಕೆ ಬೀಳುತ್ತದೆ. ಹಳೆಯ ಎಂಜಿನಿನ ೧೩೭ನ್ನು ಕಾದ ಕ್ಲಚ್ಚೂ ತಡೆದುಕೊಳ್ಳುತ್ತಿತ್ತು. ಹೊಸ ೨೦೦ನ್ನು ತಡೆಯಲಾರದು. ಒಮ್ಮೆ ಜಾರಿದರೆ ಮತ್ತಷ್ಟು ಕಾಯುತ್ತದೆ, ಕಾದರೆ ಮತ್ತಷ್ಟು ಜಾರುತ್ತದೆ. ಮೀಸಲು ಇರಬೇಕಾದದ್ದು ಈ ವಿಷಚಕ್ರವನ್ನು ತಡೆಯುವುದಕ್ಕಾಗಿಯೇ.

ಆ ಜಾರಿಕೆಯ ಬೆಲೆಯನ್ನೂ ನೋಡೋಣ. ಎಂಜಿನು ೨,೪೦೦ ಸುತ್ತುಗಳಲ್ಲಿದ್ದು ತಟ್ಟೆ ನೂರಕ್ಕೆ ಐದರಷ್ಟು ಹಿಂದೆ ಬಿದ್ದರೆ, ವೇಗಗಳ ವ್ಯತ್ಯಾಸ ಸೆಕೆಂಡಿಗೆ ೧೨.೬ ರೇಡಿಯನ್. ದಾಟುತ್ತಿರುವ ತಿರುಗುಬಲ ೧೫೦ ಆದರೆ ಹುಟ್ಟುವ ಶಾಖ ಸುಮಾರು ೧,೯೦೦ ವ್ಯಾಟ್. ಗಾಳಿಯಾಡದ ಡಬ್ಬಿಯೊಳಗೆ ಒಂದು ದೊಡ್ಡ ವಿದ್ಯುತ್ ಒಲೆಯನ್ನು ಹೊತ್ತಿಸಿಟ್ಟಂತೆ! ಸುಟ್ಟ ವಾಸನೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾವು ಮಾಡಿದ ತಪ್ಪು

ಪರಿಹಾರ ಕಾಗದದ ಮೇಲೆ ಸುಲಭವಾಗಿ ಕಂಡಿತು. ಲೋಹದ ಪುಡಿಯನ್ನು ಕಾಯಿಸಿ ಅದುಮಿ ಮಾಡಿದ ಬಿಲ್ಲೆಗಳಿರುವ ತಟ್ಟೆಯ ಘರ್ಷಣಾಂಕ ೦.೪ರ ಸಮೀಪ ಇರುತ್ತದೆ. ಅದು ಹೆಚ್ಚು ಶಾಖವನ್ನೂ ಸಹಿಸುತ್ತದೆ. ಅದೇ ಸ್ಪ್ರಿಂಗು, ಅದೇ ಅಳತೆ. ಆದರೂ ೨ × ೦.೪ × ೪,೦೦೦ × ೦.೦೯೪ = ಸುಮಾರು ೩೦೦. ಮೀಸಲು ಒಂದೂವರೆ ಪಟ್ಟು. ಇಷ್ಟಕ್ಕೆ ನಿಂತಿದ್ದರೆ ತಪ್ಪು ಅರ್ಧದಷ್ಟೇ ಆಗುತ್ತಿತ್ತು. ಆದರೆ ಪಂದ್ಯದ ಕಾರುಗಳ ಪುಸ್ತಕ ಓದಿದ್ದ ನಾವು, ಗತಿಚಕ್ರವನ್ನೂ ಕೊರೆದು ಹಗುರ ಮಾಡಿದರೆ ಗಾಡಿ ಚುರುಕಾದೀತೆಂದು ಹೇಳಿದೆವು.

ಅದರ ಲೆಕ್ಕವೂ ಸುಳ್ಳಲ್ಲ. ಆ ಚಕ್ರದ ತೂಕ ೧೨ ಕಿಲೋಗ್ರಾಂ, ತ್ರಿಜ್ಯ ೦.೧೪೫ ಮೀಟರು. ಸಮವಾದ ಬಿಲ್ಲೆಯೆಂದು ಎಣಿಸಿದರೆ ಜಡತ್ವ ಭ್ರಾಮಕ ೦.೧೨೬ ಕಿಲೋಗ್ರಾಂ-ಚದರ ಮೀಟರು. ಅಂಚಿನ ಬಳಿಯಿಂದ ೪ ಕಿಲೋಗ್ರಾಂ ತೆಗೆದರೆ ಅದರಲ್ಲಿ ಸುಮಾರು ೦.೦೬೩ ಹೊರಟುಹೋಗುತ್ತದೆ. ತೂಕದಲ್ಲಿ ಮೂರನೆಯ ಒಂದು ಭಾಗ ಹೋಯಿತು, ಜಡತ್ವದಲ್ಲಿ ಅರ್ಧವೇ ಹೋಯಿತು! ದ್ರವ್ಯವು ಕೇಂದ್ರದಿಂದ ದೂರವಿದ್ದಷ್ಟೂ ಅದರ ಪ್ರಭಾವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕುಂಬಾರನ ತಿಗರಿಯ ಅಂಚು ಭಾರವಾಗಿರುವುದು ಇದಕ್ಕಾಗಿಯೇ.

ಮೊದಲನೆಯ ಗೇರಿನಲ್ಲಿ ಎಂಜಿನು ಸುಮಾರು ೧೯ ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಆದುದರಿಂದ ಗತಿಚಕ್ರದಿಂದ ತೆಗೆದ ೪ ಕಿಲೋಗ್ರಾಂ, ವೇಗ ಹೆಚ್ಚಿಸುವಾಗ ಗಾಡಿಯಿಂದಲೇ ಸುಮಾರು ೨೦೦ ಕಿಲೋಗ್ರಾಂ ಇಳಿಸಿದಷ್ಟು ಪರಿಣಾಮ ಕೊಡುತ್ತದೆ. ಈ ಸಂಖ್ಯೆಯೇ ನಮ್ಮ ಕಣ್ಣನ್ನು ಕುರುಡು ಮಾಡಿತು. ಕೊನೆಯ ಗೇರಿನಲ್ಲಿ ಅದೇ ಲಾಭ ಕೇವಲ ೧೨ ಕಿಲೋಗ್ರಾಮಿನಷ್ಟೆಂಬುದನ್ನು ನಾವು ಗಮನಿಸಲಿಲ್ಲ.

ಪರಿಣಾಮವನ್ನು ಹಾನಗಲ್ಲು ತಾಲ್ಲೂಕಿನ ಒಂದು ಕೆರೆಯ ಏರಿಯ ಬಳಿ ನಾವೇ ಕಂಡೆವು. ತುಂಬಿದ ಗಾಡಿ ಏರಿಗೆ ಮುಖಮಾಡಿ ನಿಂತಿತ್ತು. ಚಾಲಕನು ಎಂದಿನಂತೆ ಪೆಡಲನ್ನು ನಿಧಾನವಾಗಿ ಬಿಟ್ಟನು. ಲೋಹದ ತಟ್ಟೆ ಮೆಲ್ಲಗೆ ಹಿಡಿಯುವ ಬದಲು ತಟ್ಟನೆ ಕಚ್ಚಿತು; ಗಾಡಿ ಗಡಗಡನೆ ನಡುಗಿ ಎಂಜಿನು ನಿಂತಿತು. ಮತ್ತೊಮ್ಮೆ, ಮತ್ತೂ ಒಮ್ಮೆ. ಮೂರನೆಯ ಸಲ ಕೈಬ್ರೇಕು ಹಿಡಿಯುವುದರೊಳಗೆ ಗಾಡಿ ಒಂದು ಮೊಳ ಹಿಂದಕ್ಕೆ ಸರಿಯಿತು. ಹಿಂದೆ ಸೈಕಲ್ಲು ಹಿಡಿದು ಇಬ್ಬರು ಶಾಲೆಯ ಹುಡುಗರು ನಿಂತಿದ್ದರು. ಅವರಿಗೂ ಗಾಡಿಗೂ ನಡುವೆ ಇನ್ನೂ ಎರಡು ಮೊಳ ಉಳಿದಿತ್ತು, ಏನೂ ಆಗಲಿಲ್ಲ. ಆದರೆ ಆ ಒಂದು ಮೊಳವನ್ನು ನಾವು ಇಂದಿಗೂ ಮರೆತಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಕೇಳಿಕೊಂಡ ಪ್ರಶ್ನೆಯೇ ತಪ್ಪಾಗಿತ್ತು.

ಹೊರಡುವ ಕ್ಷಣ ಬೇರೆ, ನಡುದಾರಿ ಬೇರೆ

ಟರ್ಬೊ ತಿರುಗುವುದು ಹೊಗೆಯ ಬಲದಿಂದ. ಅದು ಪೂರ್ಣ ಕೆಲಸ ಮಾಡುವಾಗ ಮಿನಿಟಿಗೆ ಒಂದು ಲಕ್ಷ ಸುತ್ತುಗಳನ್ನು ಮೀರುವುದೂ ಉಂಟು. ಆದರೆ ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಹೊಗೆ ಅಲ್ಪ; ಟರ್ಬೊ ಇನ್ನೂ ನಿದ್ರೆಯಲ್ಲಿರುತ್ತದೆ. ಎಂದ ಮೇಲೆ ಗಾಡಿ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ನಮ್ಮ ಬಳಿ ಇರುವುದು ಟರ್ಬೊ ಎಂಜಿನಲ್ಲ, ಅದೇ ಹಳೆಯ ಎಂಜಿನು! ಹೊಸ ಬಲ ಬರುವುದು ಅನಂತರ, ನಡುದಾರಿಯಲ್ಲಿ.

ಹೊರಡುವ ಕ್ಷಣವನ್ನು ಕಾಯುವುದು ಗತಿಚಕ್ರ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಪ್ರತಿ ಸುತ್ತಿಗೆ ಎರಡು ಶಕ್ತಿಹೊಡೆತಗಳು. ಮಿನಿಟಿಗೆ ೭೫೦ ಸುತ್ತುಗಳಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವಿನ ಕಾಲ ಸೆಕೆಂಡಿನ ೨೫ರಲ್ಲೊಂದು ಭಾಗ. ೬೫೦ ಸುತ್ತು ತಿರುಗುವ ಒಂಟಿ ಸಿಲಿಂಡರಿನ ಗಿರಣಿ ಎಂಜಿನಿನಲ್ಲಿ ಎರಡು ಸುತ್ತಿಗೆ ಒಂದೇ ಹೊಡೆತ; ಅಂತರ ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ. ಗಿರಣಿಯ ಚಕ್ರ ಅಷ್ಟು ದೊಡ್ಡದೇಕೆಂಬುದು ಇದರಿಂದ ವಿದಿತವಾಗುತ್ತದೆ. ಈ ಬಿಡುವುಗಳಲ್ಲಿ ಅಚ್ಚನ್ನು ತಿರುಗಿಸುತ್ತಿರುವುದು ಚಕ್ರದಲ್ಲಿ ಕೂಡಿಟ್ಟ ಚಲನಶಕ್ತಿ. ನಮ್ಮ ೧೨ ಕಿಲೋಗ್ರಾಮಿನ ಚಕ್ರದಲ್ಲಿ ೧,೫೦೦ ಸುತ್ತುಗಳಲ್ಲಿ ಸುಮಾರು ೧,೫೫೦ ಜೌಲ್ ಇರುತ್ತದೆ. ಕೊರೆದ ಚಕ್ರದಲ್ಲಿ ಅದರರ್ಧ. ಕಚ್ಚುವ ತಟ್ಟೆಯು ಒಮ್ಮೆಲೇ ಸಾಲ ಕೇಳಿತು, ಹಗುರವಾದ ಚಕ್ರದಲ್ಲಿ ಕೊಡಲು ಗಂಟಿರಲಿಲ್ಲ. ಎಂಜಿನು ನಿಂತದ್ದು ಇದಕ್ಕೆ.

ಗತಿಚಕ್ರಕ್ಕೆ ಇನ್ನೊಂದು ಕರ್ತವ್ಯವೂ ಉಂಟು: ಶಾಖವನ್ನು ನುಂಗುವುದು. ಒಟ್ಟು ೨,೫೦೦ ಕಿಲೋಗ್ರಾಂ ತೂಗುವ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಗಂಟೆಗೆ ೧೦ ಕಿಲೋಮೀಟರು ವೇಗಕ್ಕೆ ತಂದರೆ ಅದಕ್ಕೆ ದೊರೆಯುವ ಚಲನಶಕ್ತಿ ಸುಮಾರು ೯,೬೫೦ ಜೌಲ್. ಎಂಜಿನಿನ ವೇಗ ಸ್ಥಿರವಾಗಿದ್ದರೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಚಾಲಕನು ಎಷ್ಟೇ ನಿಪುಣನಾದರೂ ಈ ತೆರಿಗೆ ತಪ್ಪದು. ಹತ್ತಕ್ಕೆ ಒಂದು ಏರಿನಲ್ಲಿ, ಮೂರು ಸೆಕೆಂಡುಗಳಲ್ಲಿ ಹೊರಟರೆ, ಶಾಖ ಇಮ್ಮಡಿಯಾಗಿ ಸುಮಾರು ೨೦,೦೦೦ ಜೌಲ್ ಆಗುತ್ತದೆ. ಅದರರ್ಧ ಗತಿಚಕ್ರಕ್ಕೆ ಬಂದರೆ, ೧೨ ಕಿಲೋಗ್ರಾಂ ಬೀಡುಕಬ್ಬಿಣದ ಸರಾಸರಿ ಉಷ್ಣತೆ ಪ್ರತಿ ಹೊರಡಿಕೆಗೆ ಸುಮಾರು ೧.೮ ಡಿಗ್ರಿ ಏರುತ್ತದೆ. ೮ ಕಿಲೋಗ್ರಾಮಿನದು ೨.೭ ಡಿಗ್ರಿ. ಸವಣೂರಿನ ಸಂತೆಯ ದಟ್ಟಣೆಯಲ್ಲಿ ಹತ್ತಾರು ಸಲ ನಿಂತು ಹೊರಡುವ ಗಾಡಿಗೆ ಈ ಅಂತರ ಸಣ್ಣದಲ್ಲ. ಮೇಲಾಗಿ ಉಜ್ಜುವ ಮುಖದ ತೆಳುಪದರದ ಉಷ್ಣತೆ ಸರಾಸರಿಗಿಂತ ಬಹಳ ಹೆಚ್ಚು. ಅಲ್ಲಿ ನೀಲಿಕಲೆಗಳೂ ಕೂದಲೆಳೆಯ ಬಿರುಕುಗಳೂ ಹುಟ್ಟುತ್ತವೆ.

ಇಷ್ಟಾದ ಮೇಲೆ ಸೂತ್ರ ಸ್ಪಷ್ಟವಾಗುತ್ತದೆ. ಗತಿಚಕ್ರವು ಹೊರಡುವ ಕ್ಷಣದ ಒಡೆಯ; ಕ್ಲಚ್ಚು ನಡುದಾರಿಯ ಒಡೆಯ. ಟರ್ಬೊ ಬದಲಿಸುವುದು ನಡುದಾರಿಯನ್ನು ಮಾತ್ರ. ಆದಕಾರಣ ಹೊರೆ ಹೊರುವ ಗಾಡಿಯಲ್ಲಿ ಕ್ಲಚ್ಚನ್ನು ಬಲಪಡಿಸಬೇಕು, ಗತಿಚಕ್ರದ ಭಾರವನ್ನು ಮುಟ್ಟಬಾರದು.

ಸರಿಯಾದ ಆಯ್ಕೆ

ಕ್ಲಚ್ಚನ್ನು ಬಲಪಡಿಸುವ ದಾರಿಗಳು ಮೂರು. ಘರ್ಷಣಾಂಕ ಹೆಚ್ಚಿಸುವುದರ ಬೆಲೆಯನ್ನು ಕಂಡೆವು. ಎರಡನೆಯದು ಸ್ಪ್ರಿಂಗಿನ ಬಲ. ಹಳೆಯ ಅಳತೆಯಲ್ಲಿಯೇ ೩೦೦ ನ್ಯೂಟನ್-ಮೀಟರು ಬೇಕಾದರೆ ೫,೩೦೦ ನ್ಯೂಟನ್ ಬೇಕು. ಪೆಡಲು ಮೂರನೆಯ ಒಂದು ಪಾಲು ಬಿಗಿಯಾಗುತ್ತದೆ. ಅದನ್ನು ಒತ್ತಿದಾಗಲೆಲ್ಲ ಎಂಜಿನಿನ ಅಚ್ಚನ್ನು ಮುಂದಕ್ಕೆ ತಳ್ಳುವ ಬಲವೂ ಹೆಚ್ಚುತ್ತದೆ. ತಟ್ಟೆಯ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ ೧೮ ನ್ಯೂಟನ್ನಿನಿಂದ ೨೪ಕ್ಕೆ ಏರಿ ತಟ್ಟೆ ಬೇಗ ಸವೆಯುತ್ತದೆ.

ಮೂರನೆಯದು ವ್ಯಾಸ. ಹೊರವ್ಯಾಸ ೨೪೦, ಒಳವ್ಯಾಸ ೧೫೫ ಮಿಲಿಮೀಟರು ಇರುವ ಸಾಮಾನ್ಯ ಹೊದಿಕೆಯ ತಟ್ಟೆಗೆ ೫,೦೦೦ ನ್ಯೂಟನ್ ಕೊಟ್ಟರೆ,

೨ × ೦.೩ × ೫,೦೦೦ × ೦.೦೯೯ = ೨೯೭ ನ್ಯೂಟನ್-ಮೀಟರು.

ಮೀಸಲು ಹೆಚ್ಚುಕಡಮೆ ಒಂದೂವರೆ. ತಟ್ಟೆಯ ಕ್ಷೇತ್ರ ಹಿಗ್ಗಿದುದರಿಂದ ಚದರ ಸೆಂಟಿಮೀಟರಿಗೆ ಒತ್ತಡ ೧೯ ನ್ಯೂಟನ್ ಮಾತ್ರ, ಬಹುತೇಕ ಹಿಂದಿನಷ್ಟೆ. ಮೆಲ್ಲಗೆ ಹಿಡಿಯುವ ಗುಣ ಉಳಿಯಿತು, ಬಲವೂ ಬಂದಿತು. ಕೊರೆಯದ, ಮೂಲ ತೂಕದ ಗತಿಚಕ್ರವೊಂದನ್ನು ಹುಡುಕಿ, ಹೊಸ ಕವಚಕ್ಕೆ ತಕ್ಕ ರಂಧ್ರಗಳನ್ನು ಕರಾರುವಾಕ್ಕಾಗಿ ಕೊರೆಯಿಸಿ, ಮುಖವನ್ನು ನಯಗೊಳಿಸಿ ಜೋಡಿಸಲಾಯಿತು. ಅದೇ ಕೆರೆಯ ಏರಿಯಲ್ಲಿ ತುಂಬಿದ ಗಾಡಿ ಮೊದಲ ಯತ್ನಕ್ಕೇ ಹೊರಟಿತು. ಶಿಗ್ಗಾವಿಯ ಹೆದ್ದಾರಿಯಲ್ಲಿ ಟರ್ಬೊ ಎಚ್ಚತ್ತಾಗಲೂ ಕ್ಲಚ್ಚು ಜಾರಲಿಲ್ಲ.

ಜೋಡಿಸುವಾಗ ಗಮನಿಸಬೇಕಾದ ಕೆಲವು ಅಂಶಗಳಿವೆ. ತಟ್ಟೆಯ ನಡುವಿನ ತಿರುಚು ಸ್ಪ್ರಿಂಗುಗಳು ಡೀಸೆಲ್ ಎಂಜಿನಿನ ಹೊಡೆತವನ್ನು ಮೆತ್ತಗಾಗಿಸುತ್ತವೆ. ಅವಿಲ್ಲದ ತಟ್ಟೆ ಹಾಕಿದರೆ ಗೇರಿನ ಹಲ್ಲುಗಳು ಕಟಕಟಿಸುತ್ತವೆ. ಬಿಡುಗಡೆಯ ಬೇರಿಂಗು, ಅಚ್ಚಿನ ಎಣ್ಣೆಸೀಲು, ಗತಿಚಕ್ರದ ಬೋಲ್ಟುಗಳನ್ನು ಅದೇ ವೇಳೆಗೆ ಬದಲಿಸುವುದು ವಿವೇಕ. ಒಂದು ಹನಿ ಎಣ್ಣೆ ಲೆಕ್ಕವನ್ನೆಲ್ಲ ಕೆಡಿಸೀತು. ಚಕ್ರದ ಸಮತೋಲವನ್ನು ಪರೀಕ್ಷಿಸಲೇಬೇಕು: ಅಂಚಿನಲ್ಲಿ ೧೦ ಗ್ರಾಂ ವ್ಯತ್ಯಾಸವಿದ್ದರೂ ೪,೪೦೦ ಸುತ್ತುಗಳಲ್ಲಿ ಅದು ಸುಮಾರು ೩೧ ಕಿಲೋಗ್ರಾಂ ತೂಕದಷ್ಟು ಬಲದಿಂದ ಅಚ್ಚನ್ನು ಎಳೆದಾಡುತ್ತದೆ. ಹಳೆಯ ತಟ್ಟೆಗಳಲ್ಲಿ ಅಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಗಾಳಿ ಊದಿ ಸ್ವಚ್ಛಗೊಳಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಹಗುರವಾದ ಚಕ್ರ ಎಲ್ಲೆಡೆಯೂ ತಪ್ಪೆಂದು ನಮ್ಮ ಮಾತಲ್ಲ. ಒಬ್ಬನೇ ಕುಳಿತು ಪಂದ್ಯದಲ್ಲಿ ಓಡಿಸುವ ಪೆಟ್ರೋಲ್ ಕಾರಿಗೆ ಅದು ಗುಣವೇ. ಆದರೆ ಅಲ್ಲಿ ಬೀಡುಕಬ್ಬಿಣವನ್ನು ಕೊರೆದು ತೆಳುಮಾಡುವುದು ಅಪಾಯಕರ. ಅಂಚಿನ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ೪,೪೦೦ ಸುತ್ತುಗಳಲ್ಲಿ ಇದ್ದದ್ದು ೭,೦೦೦ದಲ್ಲಿ ಎರಡೂವರೆ ಪಟ್ಟು. ಶಾಖದಿಂದ ಬಿರುಕುಬಿಟ್ಟ ಚಕ್ರ ಒಡೆದರೆ ಅದರ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಅಂಥಲ್ಲಿ ಉಕ್ಕಿನಿಂದಲೇ ಮಾಡಿದ ಚಕ್ರ ಬೇಕು. ಇನ್ನೊಂದು ಮಾತು: ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಬಲ ಹೆಚ್ಚಿದ ಗಾಡಿಗೆ ಬ್ರೇಕುಗಳೂ ತಕ್ಕಂತಿರಬೇಕು. ಇದನ್ನೆಲ್ಲ ವಿಚಾರಿಸಿಯೇ ಟರ್ಬೊವಿಗೆ ಕೈಹಾಕಬೇಕು.

ಸೂತ್ರವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕೇಳದ ಪ್ರಶ್ನೆಯನ್ನು ನೆನಪಿಸುವುದಿಲ್ಲ. "ಈ ಗಾಡಿ ಎಷ್ಟು ಚುರುಕಾದೀತು?" ಎಂದು ನಾವು ಕೇಳಿದೆವು. "ತುಂಬಿದ ಗಾಡಿ ಏರಿನಲ್ಲಿ ಹೇಗೆ ಹೊರಟೀತು?" ಎಂದು ಕೇಳಬೇಕಿತ್ತು. ಗಿರಣಿಯವನಿಗೆ ಅದು ಮೊದಲೇ ಗೊತ್ತಿತ್ತು.

ಅಭ್ಯಾಸ

೧. ಮೇಲಿನ ಹೊಸ ಕ್ಲಚ್ಚಿನಲ್ಲಿ ಸವೆತದಿಂದ ಒತ್ತುವ ಬಲ ೪,೫೦೦ ನ್ಯೂಟನ್ನಿಗೂ ಶಾಖದಿಂದ ಘರ್ಷಣಾಂಕ ೦.೨೫ಕ್ಕೂ ಇಳಿದರೆ, ಅದು ೨೦೦ ನ್ಯೂಟನ್-ಮೀಟರನ್ನು ತಡೆದೀತೆ?

೨. ಗತಿಚಕ್ರದ ವೇಗ ೧,೫೦೦ ಸುತ್ತುಗಳಿಂದ ೧,೦೦೦ಕ್ಕೆ ಇಳಿದಾಗ ಅದು ಬಿಟ್ಟುಕೊಡುವ ಶಕ್ತಿ ಎಷ್ಟು? ಜಡತ್ವ ಅರ್ಧವಾದರೆ ಎಷ್ಟು?

ಉತ್ತರ: ೧. ಸುಮಾರು ೨೨೩ ನ್ಯೂಟನ್-ಮೀಟರು, ತಡೆಯುತ್ತದೆ. ೨. ಸುಮಾರು ೮೬೪ ಜೌಲ್. ಅರ್ಧವಾದರೆ ಸುಮಾರು ೪೩೨ ಜೌಲ್.